ಹಬ್ಬ ಚೇತರಿಸಿಕೊಂಡಿತು ಅನ್ನುವ ಮೊದಲು

ಕೋವಿಡ್ ಕಳೆದ ಮೇಲೆ ನಗರಗಳ ಪ್ರವಾಸೋದ್ಯಮ ಮತ್ತು ಉತ್ಸವಗಳು ಹೇಗೆ ಎದ್ದು ನಿಂತವು ಎಂಬುದು ಪಿಎಚ್‌ಡಿಗೆ ಯೋಗ್ಯವಾದ ವಿಷಯ. ನಮ್ಮ ಓದುಗರಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಳ್ಳುವುದಾದರೆ ಒಂದು ಮಾತು: ಎಡವುವುದು ದೊಡ್ಡ ಸಿದ್ಧಾಂತದಲ್ಲಲ್ಲ, ಎಣಿಕೆಯಲ್ಲಿ.

ಜರ್ಮನಿಯ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಉತ್ಸವ ನೋಡಿ. 2019ರಲ್ಲಿ ಸುಮಾರು 63 ಲಕ್ಷ ಭೇಟಿಗಳು. 2020, 2021ರಲ್ಲಿ ಉತ್ಸವವೇ ಇಲ್ಲ. 2022ರಲ್ಲಿ 57 ಲಕ್ಷ, 2023ರಲ್ಲಿ 72 ಲಕ್ಷ. ಇಷ್ಟನ್ನೇ ಓದಿದರೆ 2019ಕ್ಕಿಂತ 14 ಶೇಕಡಾ ಏರಿಕೆ, ದಾಖಲೆ, ಸಂಭ್ರಮ. ಆದರೆ ಉತ್ಸವ 2019ರಲ್ಲಿ ನಡೆದದ್ದು 16 ದಿನ, 2022ರಲ್ಲಿ 17, 2023ರಲ್ಲಿ 18. ದಿನಕ್ಕೆ ಭಾಗಿಸಿ: 3.94 ಲಕ್ಷ, 3.35 ಲಕ್ಷ, 4 ಲಕ್ಷ. ಆ ದಾಖಲೆಯ ವರ್ಷ ದಿನದ ಲೆಕ್ಕದಲ್ಲಿ 2019ಕ್ಕಿಂತ 2 ಶೇಕಡಾದಷ್ಟೂ ಹೆಚ್ಚಿಲ್ಲ. 2022ರ ಇಳಿಕೆಯನ್ನೂ ಪೂರ್ತಿ ಕೋವಿಡ್ ತಲೆಗೆ ಕಟ್ಟುವಂತಿಲ್ಲ. ಆ ವರ್ಷ ಮಳೆ, ಚಳಿ ಎರಡೂ ಜೋರಾಗಿದ್ದವು. ಆದ್ದರಿಂದ ದಿನಗಳ ಸಂಖ್ಯೆ, ಹವಾಮಾನ, ರಜೆಗಳು ಕೋಷ್ಟಕದಲ್ಲಿ ತಮ್ಮದೇ ಕಾಲಂ ಪಡೆಯಬೇಕು. ಹೋಲಿಕೆಗೆ 2019 ಒಂದನ್ನೇ ನೆಚ್ಚದೆ 2017ರಿಂದ 2019ರ ಸರಾಸರಿ ಹಿಡಿಯುವುದು ಕ್ಷೇಮ.

ತಿಂಗಳ ಲೆಕ್ಕವೂ ಮೋಸ ಮಾಡುತ್ತದೆ. ಬ್ರೆಜಿಲ್‌ನ ರಿಯೊ ಕಾರ್ನಿವಲ್‌ನ ಮೆರವಣಿಗೆ 2022ರಲ್ಲಿ ಫೆಬ್ರವರಿ ಬಿಟ್ಟು ಏಪ್ರಿಲ್‌ಗೆ ಹೋಯಿತು. ಹೋಟೆಲ್‌ಗಳ ಫೆಬ್ರವರಿ ಅಂಕಿಅಂಶವನ್ನು ಹಳೆಯ ಫೆಬ್ರವರಿಯ ಪಕ್ಕದಲ್ಲಿಟ್ಟರೆ ನಗರ ಕುಸಿದಂತೆ ಕಾಣುತ್ತದೆ, ಏಪ್ರಿಲ್ ಇಟ್ಟರೆ ಹಾರಿದಂತೆ.

ಟಿಕೆಟ್ ಇಲ್ಲದ ಬಯಲು ಉತ್ಸವದಲ್ಲಿ ಕಷ್ಟ ಇನ್ನೂ ಹೆಚ್ಚು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಪಾಠ ಹೇಳುತ್ತಿದ್ದ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ಕೊಟ್ಟ ದಾರಿ ಸರಳ: ಜಾಗವನ್ನು ಚೌಕಗಳಾಗಿ ವಿಂಗಡಿಸಿ, ವಿರಳ ಗುಂಪಿಗೆ ತಲೆಗೆ 10 ಚದರ ಅಡಿ, ದಟ್ಟ ಗುಂಪಿಗೆ 4.5 ಚದರ ಅಡಿ ಎಂದು ಲೆಕ್ಕ ಹಾಕಿ. ಇದರಿಂದ ಸಿಗುವುದು ಆ ಕ್ಷಣ ಮೈದಾನದಲ್ಲಿದ್ದವರು ಮಾತ್ರ, ಬಂದು ಹೋದವರಲ್ಲ. 8 ಗಂಟೆಯ ಕಾರ್ಯಕ್ರಮದಲ್ಲಿ ಯಾವ ಹೊತ್ತಿಗೆ ನೋಡಿದರೂ 2,000 ಜನ ಇದ್ದಾರೆ, ಒಬ್ಬೊಬ್ಬರು ಸರಾಸರಿ 2 ಗಂಟೆ ಇರುತ್ತಾರೆ ಅಂದರೆ ಒಟ್ಟು ಭೇಟಿ 8,000. ಜನ ಈಗ 4 ಗಂಟೆ ಕೂರುತ್ತಿದ್ದರೆ ಅದೇ ತುಂಬಿದ ಮೈದಾನಕ್ಕೆ ಬಂದವರು 4,000 ಮಾತ್ರ. ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಹಾಗಾಗಿ ಹೊರಗೆ ಹೋಗುವ ದಾರಿಯಲ್ಲಿ ನಿಂತು ‘ಎಷ್ಟು ಹೊತ್ತಿಗೆ ಬಂದಿರಿ’ ಎಂದು ಕೇಳಲೇಬೇಕು.

ಅಲ್ಲೇ ಇನ್ನೊಂದು ಪ್ರಶ್ನೆ: ಈ ಉತ್ಸವ ಇರದಿದ್ದರೂ ಈ ವಾರ ಈ ಊರಿಗೆ ಬರುತ್ತಿದ್ದಿರಾ? ಹೌದು ಎಂದವರ ಖರ್ಚನ್ನು ಉತ್ಸವದ ಖಾತೆಗೆ ಬರೆಯಬಾರದು. ಎರಡು ವರ್ಷ ಮುಂದೂಡಿದ್ದ ಪ್ರವಾಸವನ್ನು ಈಗ ಮುಗಿಸುತ್ತಿರುವವರನ್ನೂ ಬೇರೆ ಗುರುತಿಸಬೇಕು, ಆ ಹಣ ಮುಂದಿನ ವರ್ಷ ಮತ್ತೆ ಬರುವುದಿಲ್ಲ. ಖರ್ಚಿನ ಮೊತ್ತದಿಂದ ಬೆಲೆಯೇರಿಕೆ ಕಳೆಯುವುದು ಹೇಗೂ ಇದ್ದದ್ದೇ.

ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮರಳಿ ಬಾರದವರ ವಿಚಾರ. ಈಗ ನಡೆಯುತ್ತಿರುವ ಉತ್ಸವಗಳನ್ನಷ್ಟೇ ಸುತ್ತಿದರೆ ಎಲ್ಲವೂ ಚೇತರಿಸಿಕೊಂಡಂತೆಯೇ ಕಾಣುತ್ತದೆ, ಏಕೆಂದರೆ ನಿಂತುಹೋದವು ಪಟ್ಟಿಯಲ್ಲೇ ಇಲ್ಲ. 2019ರಲ್ಲಿ ಪರವಾನಗಿ ಪಡೆದ ಕಾರ್ಯಕ್ರಮಗಳ ಪಟ್ಟಿಯನ್ನು ನಗರಾಡಳಿತದಿಂದ ಪಡೆದು, ಒಂದೊಂದನ್ನೂ ಬೆನ್ನುಹತ್ತಬೇಕು. ಧ್ವನಿ, ಬೆಳಕಿನ ಕೆಲಸದವರು ಕಸುಬು ಬದಲಿಸಿದರೇ? ಹತ್ತು ವರ್ಷ ಬಾಗಿಲಲ್ಲಿ ನಿಂತು ಬರಮಾಡಿಕೊಂಡ ಹಿರಿಯ ಸ್ವಯಂಸೇವಕರು ಮತ್ತೆ ಬಂದರೇ? ಇವರೊಂದಿಗೆ ಒಂದು ಗಂಟೆ ಕೂತು ಮಾತಾಡಿದರೆ, 400 ಪ್ರಶ್ನಾವಳಿಗಳಲ್ಲಿ ಸಿಗದ ಕಾರಣ ಸಿಗುತ್ತದೆ.

ಇಲ್ಲಿ ಕಾರ್ಯಕ್ರಮ ನಡೆಸುವ ನಮ್ಮಂಥ ಸಂಘಗಳೂ ನೆರವಾಗಬಹುದು. ಪದಾಧಿಕಾರಿಗಳು ಬದಲಾದಾಗ ಹಳೆಯ ಕಡತ ಎಸೆಯಬೇಡಿ. 2017ರಿಂದ ಈಚಿನ ಸಭಾಂಗಣದ ಬಾಡಿಗೆ ರಸೀದಿ, ಊಟದ ಎಲೆಗಳ ಲೆಕ್ಕ, ಸ್ವಯಂಸೇವಕರ ಪಾಳಿ ಪಟ್ಟಿ, ಇವೆಲ್ಲ ಸಂಶೋಧಕರಿಗೆ ಚಿನ್ನ. ಹೆಸರು, ಫೋನ್ ನಂಬರ್ ಅಳಿಸಿ, ಪ್ರತಿ ಕಾರ್ಯಕ್ರಮಕ್ಕೆ ಒಂದು ಸಾಲಿನಂತೆ ದಿನಾಂಕ, ಅವಧಿ, ಹಾಜರಾತಿ ಬರೆದು, ಎಣಿಸಿದ್ದೋ ಅಂದಾಜೋ ಎಂದು ಪಕ್ಕದಲ್ಲಿ ಗುರುತು ಹಾಕಿಡಿ.