ಹತ್ತು ನಿಮಿಷದ ಕೆಲಸಕ್ಕೆ ಒಂದು ರಾತ್ರಿ ಬಸ್ಸು

ಸಂಪಾದಕರೇ,

ನಾನು ಟೆಲಿಫೋನ್ ಇಲಾಖೆಯಲ್ಲಿ 31 ವರ್ಷ ಕಂಬ ಹತ್ತಿ, ಕೇಬಲ್ ಜೋಡಿಸಿ ನಿವೃತ್ತನಾದವನು. ರಾಯಚೂರು ಜಿಲ್ಲೆಯ ಹಳ್ಳಿಯವನು. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ 21 ದಿನಕ್ಕೊಮ್ಮೆ ಕೀಮೋ.

ನಡುವಿನ ತಪಾಸಣೆಗೆ ಇಷ್ಟು ದೂರ ಬರಬೇಡಿ, ವಿಡಿಯೊದಲ್ಲೇ ಮಾತಾಡೋಣ ಅಂತ ಡಾಕ್ಟರೇ ಹೇಳಿದಾಗ ಇಬ್ಬರಿಗೂ ಹೋದ ಜೀವ ಬಂದಂತಾಯಿತು. ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅದಕ್ಕೆಂದೇ ಕೋಣೆ ಇದೆ. ಕಂಪ್ಯೂಟರ್, ಕ್ಯಾಮೆರಾ ಎಲ್ಲಾ ಇದೆ. ಡಾಕ್ಟರ ಮುಖ ಚೆನ್ನಾಗಿಯೇ ಕಾಣಿಸಿತು. "ಹೊಸ ಸಿ.ಟಿ. ಸ್ಕ್ಯಾನ್ ತೋರಿಸಿ" ಅಂದರು. ಅದು ಸಿ.ಡಿ.ಯಲ್ಲಿತ್ತು. ಆ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ನರ್ಸಮ್ಮ, ಪಾಪ, ಸಿ.ಡಿ. ಜೊತೆಗಿದ್ದ ಫಿಲಂ ಅನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದು, ತಮ್ಮ ಮೊಬೈಲಿನಲ್ಲೇ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರು. ಹೊರಗಿನ ಬೇವಿನ ಮರವೂ ಅದರಲ್ಲಿ ಮೂಡಿತ್ತು. ಲಿವರ್ ಮೇಲಿನ ಚುಕ್ಕೆ ಬೆಳೆದಿದೆಯೋ ಇಲ್ಲವೋ ಇದರಲ್ಲಿ ಗೊತ್ತಾಗಲ್ಲ, ಬಂದುಬಿಡಿ ಅಂದರು ಡಾಕ್ಟರು.

ಅವತ್ತೇ ರಾತ್ರಿ ಬಸ್ ಹತ್ತಿದೆವು. ಕೀಮೋ ಆಗಿ ಒಂಬತ್ತನೇ ದಿನ. ಬಿಳಿ ರಕ್ತಕಣ ಕಡಿಮೆಯಾಗುವ ಸಮಯ, ಜನರ ಗುಂಪಿಗೆ ಹೋಗಬೇಡಿ ಅಂತ ಆಸ್ಪತ್ರೆಯವರೇ ಹೇಳಿದ್ದ ದಿನಗಳು. ಬಾಯಿ ತುಂಬ ಹುಣ್ಣು. ದಾರಿಯುದ್ದಕ್ಕೂ ಪ್ಲಾಸ್ಟಿಕ್ ಕವರ್ ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ಬೆಳಿಗ್ಗೆ ಡಾಕ್ಟರು ಸಿ.ಡಿ. ಹಾಕಿ, ಹಳೆಯ ಸಿ.ಟಿ., ಹೊಸ ಸಿ.ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದರು. "ಚಿಕ್ಕದಾಗಿದೆ, ಅದೇ ಔಷಧ ಮುಂದುವರಿಸೋಣ." ಹತ್ತು ನಿಮಿಷವೂ ಹಿಡಿಯಲಿಲ್ಲ.

ಸಿ.ಟಿ. ಅಂದರೆ ನೂರಾರು ಪದರದ ಚಿತ್ರಗಳು. ಡೈಕಾಮ್ ಅಂತ ಅದರ ಫೈಲು. ಅದು ಸಿಕ್ಕಿದರೆ ಡಾಕ್ಟರು ಪದರ ಪದರವಾಗಿ ನೋಡಿ, ಬೆಳಕು ಹೆಚ್ಚು ಕಡಿಮೆ ಮಾಡಿ, ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಫಿಲಂನಲ್ಲಿ ಅಷ್ಟೆಲ್ಲ ಸಿಗಲ್ಲ. ಫೈಲು ಕಳಿಸೋದು ಇವತ್ತು ದೊಡ್ಡ ವಿಷಯವೇನೂ ಅಲ್ಲ. 2002ರಲ್ಲೇ ಇಸ್ರೊ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ಹೃದಯದ ಡಾಕ್ಟರಿಗೆ ಜೋಡಿಸಿತ್ತು. ಈಗ ಬೇಕಿರುವುದು ಒಂದು ಸಿ.ಡಿ. ಡ್ರೈವ್, ನಂಬುವಂಥ ಫೈಬರ್ ಲೈನ್, ಕರೆಂಟ್ ಹೋದರೆ ಯು.ಪಿ.ಎಸ್. ಎಲ್ಲಕ್ಕಿಂತ ಜಾಸ್ತಿ ಬೇಕಿರುವುದು ಇದನ್ನೇ ಕೆಲಸವಾಗಿ ನೋಡಿಕೊಳ್ಳುವ ಒಬ್ಬ ತಂತ್ರಜ್ಞ. ರೋಗಿ ಕೋಣೆಗೆ ಬರುವ ಹಿಂದಿನ ದಿನವೇ ಫೈಲು ಕಳಿಸಿ, ಅದು ಆ ಕಡೆ ತೆರೆದುಕೊಂಡಿತೇ ಅಂತ ಫೋನ್ ಮಾಡಿ ಕೇಳುವವನು. ಇಂಜೆಕ್ಷನ್ ಕೊಡುವ ನರ್ಸಮ್ಮನ ತಲೆಗೆ ಇದನ್ನೂ ಕಟ್ಟಿದರೆ ಹೇಗೆ?

ಗಂಟನ್ನು ಕೈಯಿಂದಲೇ ಮುಟ್ಟಿ ನೋಡಬೇಕು, ರೇಡಿಯೇಶನ್‌ಗೆ ಹೋಗಲೇಬೇಕು. ಅದನ್ನು ವಿಡಿಯೊದಲ್ಲಿ ಮಾಡಿ ಅಂತ ನಾನು ಕೇಳುತ್ತಿಲ್ಲ.

ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ (ಕೀಮೋ ಕೊಟ್ಟು ಅದೇ ದಿನ ಮನೆಗೆ ಕಳಿಸುವ ಜಾಗ), ಮೊದಲ ವರ್ಷ 200 ಅಂತ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿದೆ. ಕೇಳಿ ಖುಷಿಯಾಯಿತು. ಆ ಒಂದೊಂದು ಕೇಂದ್ರಕ್ಕೂ ಈ ತಂತ್ರಜ್ಞನ ಹುದ್ದೆ ಮಂಜೂರಾಗಲಿ, ವಿಡಿಯೊ ಕೋಣೆ ಇರುವ ಸಣ್ಣ ಆಸ್ಪತ್ರೆಗಳಿಗೂ ಆಗಲಿ.

ನಮ್ಮ ಮುಂದಿನ ಸಿ.ಟಿ. ದೀಪಾವಳಿ ಕಳೆದ ಮೇಲೆ. ನಮ್ಮ ಕಡೆಯ ಆ ಕೋಣೆಗೆ ಹುಡುಗನೋ ಹುಡುಗಿಯೋ ಯಾರಾದರೂ ಬಂದರೆ, ಲೈನ್ ಕೆಲಸ ನಾನೇ ಕಲಿಸಿಕೊಡುತ್ತೇನೆ. ಸಂಬಳ ಬೇಡ.

– ಒಬ್ಬ ನಿವೃತ್ತ ಟೆಲಿಕಾಂ ಮೆಕ್ಯಾನಿಕ್, ರಾಯಚೂರು ಜಿಲ್ಲೆ