ಚೀಟಿ ಕೊಟ್ಟ ಮಕ್ಕಳ ಪಾಲಕರಿಗೆ

ವಿಜಯಪುರ

ಮಾನ್ಯ ಪಾಲಕರೇ,

ಓದು-ಬರಹದಲ್ಲಿ ತೀರ ಹಿಂದೆ ಬಿದ್ದ ಮಕ್ಕಳಿಗೂ, ತಲೆಗೆ ಪೆಟ್ಟಾಗಿ ಇಲ್ಲವೇ ಮೂರ್ಛೆ ಬಂದು ಆಮೇಲೆ ಮರೆವು ಹೆಚ್ಚಿದ ಮಕ್ಕಳಿಗೂ ಮನೋವಿಜ್ಞಾನಿಗಳಲ್ಲಿ ಪರೀಕ್ಷೆ ಮಾಡಿಸಲು ಶಾಲೆಯಿಂದ ಚೀಟಿ ಕೊಟ್ಟಿದ್ದೇವೆ. ಚೀಟಿ ಕೈಗೆ ಬಂದ ಮರುದಿನವೇ ‘ಅವನ್ನ ಧಾರವಾಡಕ್ಕ ಕಳಸ್ತಾರಂತ’ ಎಂದು, ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ ಎಂದು, ಓಣಿಯಲ್ಲಿ ಸುದ್ದಿಯಾಗುತ್ತದೆ. ಅದಕ್ಕೇ ಈ ಪತ್ರ.

ಈ ಪರೀಕ್ಷೆಯಲ್ಲಿ ಸೂಜಿಯಿಲ್ಲ, ಸ್ಕ್ಯಾನ್ ಇಲ್ಲ. ಮೇಜಿನ ಮೇಲೆ ಚಿತ್ರ, ಕಟ್ಟಿಗೆಯ ತುಂಡು, ಪೆನ್ಸಿಲ್ ಇರುತ್ತವೆ. ಬುದ್ಧಿಮಟ್ಟಕ್ಕೆ ಬಿನೆ-ಕಾಮತ್ ಅಥವಾ ಮ್ಯಾಲಿನ್ ಮಾಪಕ ಬಳಸುವುದುಂಟು; ಬಿನೆ-ಕಾಮತ್ 1930ರ ದಶಕದಲ್ಲಿ ಕನ್ನಡ, ಮರಾಠಿ ಆಡುವ ಮಕ್ಕಳಿಗಾಗಿಯೇ ಹೊಂದಿಸಿದ್ದು. ಸಣ್ಣವರಿಗೆ ಸೆಗ್ವಿನ್ ಹಲಗೆ: 10 ತುಂಡುಗಳನ್ನು ಅವುಗಳ ಗೂಡಿನಲ್ಲಿ ಮೂರು ಸಲ ಕೂಡಿಸಬೇಕು, ಬೇಗ ಮುಗಿಸಿದ ಸಲ ಲೆಕ್ಕಕ್ಕೆ. ಓದು, ಉಕ್ತಲೇಖನ, ಲೆಕ್ಕದ ತೊಡಕಿಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರ ಪರೀಕ್ಷೆ ಇದೆ. ನೆನಪು, ಗಮನ ನೋಡಲು ಅಂಕಿಗಳನ್ನು ಹೇಳಿ ಹಿಂದಿನಿಂದ ಮುಂದಕ್ಕೆ ಹೇಳಿಸುತ್ತಾರೆ. ಪೆಟ್ಟು, ಮೂರ್ಛೆಯ ಮಕ್ಕಳಿಗೆ ಈ ಭಾಗ ಉದ್ದವಾಗಿರುತ್ತದೆ. ಒಂದೇ ದಿನ ಮುಗಿಯದಿದ್ದರೆ ಗಾಬರಿ ಬೇಡ. ಊಟ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ಅಂಗಡಿಗೆ ಹೋಗಿಬರುವುದು ಮಗುವಿಗೆ ತಾನಾಗಿ ಬರುತ್ತದೆಯೇ ಎಂದು ನಿಮ್ಮನ್ನೇ ಕೇಳುತ್ತಾರೆ. ಆಗ ಮಾನ ಕಾಯಲು ಹೋಗಬೇಡಿ, ಇದ್ದದ್ದನ್ನೇ ಹೇಳಿ.

ಫಲ ಕೆಡುವುದು ಹೆಚ್ಚಾಗಿ ನಮ್ಮಿಂದಲೇ. ಮೊಬೈಲಿನಲ್ಲಿ ‘ಐಕ್ಯೂ ಪ್ರಶ್ನೆ’ ಹುಡುಕಿ ಬಾಯಿಪಾಠ ಮಾಡಿಸಿದರೆ ಅಂಕಿ ಸುಳ್ಳಾಗುತ್ತದೆ, ಸಹಾಯ ಬೇಕಾದ ಮಗುವಿಗೆ ಸಹಾಯ ತಪ್ಪುತ್ತದೆ. ಪಾಸು-ನಪಾಸು ಇಲ್ಲಿಲ್ಲ, ಪ್ರಶ್ನೆಗಳು ಬರಬರುತ್ತ ಕಠಿಣವಾಗುತ್ತವೆ, ಕೊನೆಯವು ಯಾರಿಗೂ ಸುಲಭವಲ್ಲ. ಇದನ್ನು ಮಗುವಿಗೂ ಮೊದಲೇ ಹೇಳಿಡಿ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವವರು ನಸುಕಿನ ಬಸ್ಸಿಗೆ ಹೊರಡಬೇಡಿ, ಸುಮಾರು 200 ಕಿ.ಮೀ. ಹಾದಿ, ಹಿಂದಿನ ಸಂಜೆಯೇ ಹೋಗಿ ಮಗು ಚೆನ್ನಾಗಿ ಮಲಗಲಿ. ನಿದ್ದೆಗೆಟ್ಟ ಮಗುವಿನ ಗಮನ ತಾನಾಗಿಯೇ ಕಡಿಮೆ ಬರುತ್ತದೆ. ನಾಷ್ಟಾ ಮಾಡಿಸಿ. ಜ್ವರ, ನೆಗಡಿ ಇದ್ದರೆ ದಿನಾಂಕ ಮುಂದಕ್ಕೆ ಹಾಕಿಸಿ. ಮೂರ್ಛೆಯ ಗುಳಿಗೆ ನೀವಾಗಿ ನಿಲ್ಲಿಸಬೇಡಿ. ಯಾವ ಗುಳಿಗೆ, ಎಷ್ಟು ಎಂಬುದನ್ನು ಬರೆದುಕೊಂಡು ಹೋಗಿ.

ಕಣ್ಣು, ಕಿವಿ ತಪಾಸಣೆ ಮೊದಲೇ ಆಗಿರಲಿ. ಹಲಗೆ ಮೇಲಿನ ಅಕ್ಷರ ಕಾಣದ ಹುಡುಗನನ್ನು ದಡ್ಡ ಎಂದುಕೊಳ್ಳುವುದು ಹೊಸದೇನಲ್ಲ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ಮರಾಠಿ ಆಡುವವರು ಅದನ್ನು ಮೊದಲೇ ತಿಳಿಸಿ. ಈ ವರ್ಷವಷ್ಟೇ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಗುವಾದರೆ ಅದನ್ನೂ ಹೇಳಿ, ಇಲ್ಲವಾದರೆ ಭಾಷೆಯ ತೊಡಕನ್ನೇ ಬುದ್ಧಿಯ ಕೊರತೆ ಎಂದು ಓದುವ ಅಪಾಯವಿದೆ. ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಲು ಸಂಕೋಚ ಬೇಡ.

ವರದಿಯಲ್ಲಿ ಬುದ್ಧಿಸೂಚ್ಯಂಕದ (ಐಕ್ಯೂ) ಸರಾಸರಿ 100. 85ರಿಂದ 115ರೊಳಗೆ ಹೆಚ್ಚಿನವರೆಲ್ಲ ಇರುತ್ತಾರೆ. ಆ ಒಂದು ಅಂಕಿಯನ್ನೇ ಹಿಡಿದು ಕೂಡಬೇಡಿ, ಓದಿನಲ್ಲಿ ಎಲ್ಲಿ ಎಡವುತ್ತಾನೆ, ಏನು ಮಾಡಬೇಕು ಎಂಬ ಪುಟ ಮುಖ್ಯ. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರೆಗೆ ಎದ್ದು ಬರಬೇಡಿ. ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿಯಿದ್ದೂ ಓದು, ಬರಹ, ಲೆಕ್ಕದಲ್ಲಿ ಬರುವ ತೊಡಕು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವೇಳೆ, ಬರೆಯುವ ಸಹಾಯಕ ಬೇಕಾದರೆ ಖಾಸಗಿ ವರದಿ ಸಾಲದು, ಸರ್ಕಾರಿ ಪ್ರಮಾಣಪತ್ರ ಬೇಕು. ಹತ್ತನೆಯ ತರಗತಿಗೆ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಎಂಟರಲ್ಲೇ ಶುರು ಮಾಡಿ.

ವರದಿಯ ಝೆರಾಕ್ಸ್ ಪ್ರತಿ ನನ್ನ ಕೈಗೇ ಕೊಡಿ, ಮೂಲ ಪ್ರತಿ ನಿಮ್ಮಲ್ಲೇ ಇರಲಿ. ವರ್ಗ ಶಿಕ್ಷಕರ ಹೊರತು ಬೇರೆ ಯಾರಿಗೂ ಅದನ್ನು ತೋರಿಸುವುದಿಲ್ಲ. ಪರೀಕ್ಷೆಗೆ ಹೋದ ದಿನ ಗೈರುಹಾಜರಿ ಹಾಕುವುದಿಲ್ಲ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು