ಗಾಯಾಳು ಒಬ್ಬನೇ ಹಾರಬೇಕಾದರೆ

ಮಾನ್ಯ ಸಂಪಾದಕರೇ,

ಗಾಯಗೊಂಡ ಸೈನಿಕರನ್ನು ತಾನಾಗಿಯೇ ಹಾರುವ ಡ್ರೋನ್‌ನಲ್ಲಿ ಕರೆತರುವ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದ ನನಗೆ ಇದರಿಂದ ಸಂತೋಷವೂ ಇದೆ, ಅಳುಕೂ ಇದೆ.

ಸಂತೋಷ ಸಿಯಾಚಿನ್‌ಗಾಗಿ. 1984ರಿಂದಲೂ ಅಲ್ಲಿನ ಎತ್ತರದ ಪೋಸ್ಟ್‌ಗಳಿಂದ ನಮ್ಮವರನ್ನು ಕೆಳಗಿಳಿಸುತ್ತಿರುವುದು ಚೀತಾ ಹೆಲಿಕಾಪ್ಟರ್, ನಮ್ಮ ಎಚ್‌ಎಎಲ್ ತಯಾರಿಸಿದ್ದು. ತೆಳು ಗಾಳಿಯಲ್ಲಿ ಅದು ಎತ್ತುವ ಭಾರ ಬಹಳ ಕಡಿಮೆ. ಮೇಲೆ ಇಳಿದರೂ ಎಂಜಿನ್ ಆರಿಸುವುದಿಲ್ಲ. ಮತ್ತೆ ಶುರುವಾಗದಿದ್ದರೆ ಗತಿ? ಪೈಲಟ್‌ಗಳೇ ಇಲ್ಲದಿದ್ದರೆ ಅವರ ತೂಕದಷ್ಟು ಭಾರ ಗಾಯಾಳುವಿಗೆ ಉಳಿಯುತ್ತದೆ. ಹವೆ ಕೆಟ್ಟಾಗ ಒಬ್ಬನಿಗಾಗಿ ಇನ್ನಿಬ್ಬರ ಜೀವ ಪಣಕ್ಕಿಡುವುದೂ ತಪ್ಪುತ್ತದೆ.

ಯುಕ್ರೇನ್‌ನಲ್ಲಿ ಆಂಬ್ಯುಲೆನ್ಸ್ ಕಂಡರೂ ಡ್ರೋನ್ ಬಂದು ಹೊಡೆಯುತ್ತದೆ. ಹಾಗಾಗಿ ಗಾಯಾಳುಗಳನ್ನು ನೆಲದ ಮೇಲೆ ಓಡುವ ರೋಬೊ ಗಾಡಿಗಳಲ್ಲಿ ಮಲಗಿಸಿ, ದೂರದಿಂದಲೇ ನಡೆಸಿ ತರುತ್ತಿದ್ದಾರೆ. 2025ರಲ್ಲಿ ಶತ್ರುಗಳ ನಡುವೆ ಸಿಕ್ಕಿಬಿದ್ದ ಗಾಯಾಳು ಒಬ್ಬನಿಗೆ ದೊಡ್ಡ ಡ್ರೋನ್ ಒಂದು ಎಲೆಕ್ಟ್ರಿಕ್ ಸೈಕಲ್ ಇಳಿಸಿತು. ಆತ ಅದನ್ನು ಹತ್ತಿ ಪಾರಾದ! ಮನುಷ್ಯನನ್ನೇ ಎತ್ತಿ ತರುವುದಕ್ಕಿಂತ ಸೈಕಲ್ ಇಳಿಸುವುದು ಅಲ್ಲಿ ಸುಲಭವಾಗಿತ್ತು ಅನ್ನುವುದನ್ನೂ ಗಮನಿಸಬೇಕು, ಅಲ್ವಾ?

ಇನ್ನು ಅಳುಕು. ರಕ್ತ ನಿಲ್ಲಿಸಲು ಕೈಕಾಲಿಗೆ ಕಟ್ಟುವ ಟೂರ್ನಿಕೇಟ್ ಪಟ್ಟಿ ಬಿಗಿದ ಮೇಲೂ ದಾರಿಯಲ್ಲಿ ಅದು ಸಡಿಲಾಗಬಹುದು. ಪ್ರಜ್ಞೆ ತಪ್ಪಿದವನ ನಾಲಗೆ ಹಿಂದಕ್ಕೆ ಜಾರಿ ಉಸಿರು ಕಟ್ಟಬಹುದು. ಗದ್ದ ಎತ್ತಿ ಹಿಡಿದರೆ ಸಾಕು, ಉಳಿಯುತ್ತಾನೆ. ಆ ಒಂದು ಕೈ ಡ್ರೋನ್‌ನಲ್ಲಿ ಇರುವುದಿಲ್ಲ. ಚೀತಾದಲ್ಲೂ ನಮಗೆ ಜಾಗ ಸಿಗದ ದಿನಗಳಿದ್ದವು, ನಿಜ. ಆದರೂ ಪೈಲಟ್ ಸಾಬ್ ಹಿಂದಕ್ಕೆ ತಿರುಗಿ ಒಂದು ಮಾತು ಕೇಳುತ್ತಿದ್ದರು. ನೋವಿನಲ್ಲಿದ್ದವನಿಗೆ ಅದೇ ದೊಡ್ಡದು.

ಇನ್ನೊಂದು ತೊಡಕು ಕಾನೂನಿನದು. 1949ರ ಜಿನೀವಾ ಒಪ್ಪಂದದ ಪ್ರಕಾರ ಗಾಯಾಳುಗಳ ವಿಮಾನವನ್ನು ಹೊಡೆಯುವಂತಿಲ್ಲ. ಆದರೆ ಆ ವಿಮಾನ ಬೇರೆ ಕೆಲಸಕ್ಕೆ ಬಳಕೆಯಾಗಬಾರದು, ಹಾರುವ ದಾರಿ, ಎತ್ತರ, ಸಮಯ ಮೊದಲೇ ಎರಡೂ ಕಡೆಯವರು ಒಪ್ಪಿರಬೇಕು. ಹೋಗುವಾಗ ಮದ್ದುಗುಂಡು, ಬರುವಾಗ ಗಾಯಾಳು ಅಂತ ಒಂದೇ ಡ್ರೋನ್ ಓಡಿಸಿದರೆ ಈ ರಕ್ಷಣೆಯನ್ನು ಯಾವ ಬಾಯಲ್ಲಿ ಕೇಳುವುದು?

ಮೊದಲು ರಕ್ತ, ಔಷಧಿ ಮೇಲಕ್ಕೆ ಕಳಿಸಲು ಈ ಡ್ರೋನ್‌ಗಳನ್ನು ಬಳಸಲಿ. ಮನುಷ್ಯನನ್ನು ಮಲಗಿಸುವ ದಿನ ಬಂದಾಗ ಒಳಗೊಂದು ಕ್ಯಾಮೆರಾ, ಒಂದು ಸ್ಪೀಕರ್ ಇರಲಿ. ಕೆಳಗೆ ಕುಳಿತ ನರ್ಸಿಂಗ್ ಅಸಿಸ್ಟೆಂಟ್ ಒಬ್ಬ ದಾರಿಯುದ್ದಕ್ಕೂ ಅವನನ್ನು ಅವನದೇ ಭಾಷೆಯಲ್ಲಿ ಮಾತಾಡಿಸುತ್ತಿರಲಿ.

– ಒಬ್ಬ ಮಾಜಿ ಸೈನಿಕ, ಮಡಿಕೇರಿ